ಓಎಸ್ ಹಾಕಿದ ಮೇಲೆ ಪಿಸಿ ಏಳುತ್ತಿಲ್ಲವೇ? ಮತ್ತೆ ಫಾರ್ಮ್ಯಾಟ್ ಹೊಡೆಯುವ ಮುನ್ನ ನೋಡಬೇಕಾದ್ದು

ಬಿಡಿಭಾಗ ತಂದು ಮನೆಯಲ್ಲೇ ಜೋಡಿಸಿದ ಪಿಸಿ. ಪೆನ್‌ಡ್ರೈವ್‌ನಿಂದ ವಿಂಡೋಸ್ ಹಾಕಿದ್ದಾಯಿತು, ಫೈಲ್ ಕಾಪಿ ನೂರಕ್ಕೆ ಮುಟ್ಟಿತು, ರೀಸ್ಟಾರ್ಟ್ ಕೂಡ ಆಯಿತು. ಆಮೇಲೆ ಕಪ್ಪು ಪರದೆ, ಇಲ್ಲವೇ ಬೂಟ್ ಡಿವೈಸ್ ಸಿಗಲಿಲ್ಲ ಎನ್ನುವ ಒಂದು ಸಾಲು. ಇಂಥ ಹೊತ್ತಿನಲ್ಲಿ ಹೆಚ್ಚಿನವರ ಕೈ ಮತ್ತೆ ಪೆನ್‌ಡ್ರೈವ್‌ಗೇ ಹೋಗುತ್ತದೆ, ಇನ್ನೊಮ್ಮೆ ಫಾರ್ಮ್ಯಾಟ್ ಹೊಡೆದು ಹಾಕಿಬಿಡೋಣ ಅಂತ. ದಯವಿಟ್ಟು ಆ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಿ. ತಪ್ಪು ಬಯೋಸ್ (ಪಿಸಿ ಆನ್ ಆದ ಕೂಡಲೇ ಮದರ್‌ಬೋರ್ಡ್‌ನಲ್ಲಿ ಓಡುವ ಮೊದಲ ಸಾಫ್ಟ್‌ವೇರ್) ಸೆಟ್ಟಿಂಗ್‌ನಲ್ಲಿದ್ದರೆ ಹತ್ತು ಸಲ ಹಾಕಿದರೂ ಹತ್ತು ಸಲವೂ ಅಲ್ಲೇ ನಿಲ್ಲುತ್ತದೆ. ಎಲ್ಲಿ ನಿಂತಿತ್ತು ಎಂಬ ಸುಳಿವೂ ಅಳಿಸಿಹೋಗುತ್ತದೆ.

ಇನ್‌ಸ್ಟಾಲ್ ಪೂರ್ತಿ ಮುಗಿದಿದೆ ಎಂದರೆ ಅದೇ ಒಂದು ಪರೀಕ್ಷೆ ಪಾಸಾದಂತೆ. ಅಷ್ಟು ಹೊತ್ತು ಪ್ರೊಸೆಸರ್ ಓಡಿದೆ, ರ‍್ಯಾಮ್ ಕೆಲಸ ಮಾಡಿದೆ, ಎಸ್‌ಎಸ್‌ಡಿ ಮೇಲೆ ಹಲವು ಜಿಬಿ ಬರೆದಿದೆ, ಪರದೆಗೆ ಚಿತ್ರ ಬಂದಿದೆ. ಹಾಗಾಗಿ ಮೊದಲ ಅನುಮಾನ ಬಿಡಿಭಾಗಗಳ ಮೇಲಲ್ಲ, ಬಯೋಸ್‌ನಿಂದ ಓಎಸ್‌ವರೆಗಿನ ದಾರಿಯ ಮೇಲೆ ಇರಬೇಕು.

ಎಲ್ಲಿ ನಿಂತಿತು?

ಪವರ್ ಬಟನ್ ಒತ್ತಿ, ಪರದೆಯನ್ನು ಮೊದಲಿನಿಂದ ಕೊನೆಯವರೆಗೆ ಕಣ್ಣಿಟ್ಟು ನೋಡಿ. ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಂಡರೆ ಇನ್ನೂ ಒಳ್ಳೆಯದು, ಕೆಲವು ಸಾಲುಗಳು ಅರೆಕ್ಷಣವಷ್ಟೇ ಇರುತ್ತವೆ.

ಮದರ್‌ಬೋರ್ಡ್ ಲೋಗೋವೇ ಬರಲಿಲ್ಲ ಎಂದರೆ ಓಎಸ್‌ಗೂ ಇದಕ್ಕೂ ಸಂಬಂಧವಿಲ್ಲ. ನೇರ ಕೆಳಗಿನ ರ‍್ಯಾಮ್ ಮತ್ತು ಪವರ್ ಭಾಗಕ್ಕೆ ಹೋಗಿ. ಲೋಗೋ ಬಂದು, ಆಮೇಲೆ ಕಪ್ಪು ಪರದೆಯಲ್ಲಿ ಬಿಳಿ ಅಕ್ಷರ ಬಂದರೆ, ಅಥವಾ ಪಿಸಿ ಪ್ರತಿ ಸಲ ತಾನಾಗಿ ಬಯೋಸ್ ಒಳಗೇ ಹೋಗಿ ಕೂತರೆ, ಬಯೋಸ್‌ಗೆ ಓಎಸ್ ಕಾಣುತ್ತಿಲ್ಲ. 0ಎಕ್ಸ್‌ಸಿ000000ಎಫ್ ಅಥವಾ 0ಎಕ್ಸ್‌ಸಿ000000ಇ ಎಂಬ ಕೋಡ್ ಇರುವ ರಿಕವರಿ ಪರದೆ ಬಂದರೆ ಬೂಟ್ ಮ್ಯಾನೇಜರ್ ಸಿಕ್ಕಿದೆ, ಅದಕ್ಕೆ ವಿಂಡೋಸ್ ಎಲ್ಲಿದೆ ಎಂಬ ಮಾಹಿತಿ ಸಿಗುತ್ತಿಲ್ಲ. ಚುಕ್ಕೆಗಳು ತಿರುಗಿ ಆಮೇಲೆ ಸ್ಟಾಪ್ ಕೋಡ್ (ವಿಂಡೋಸ್ ಕುಸಿದಾಗ ತೋರಿಸುವ ದೋಷದ ಹೆಸರು) ಬಂದರೆ ಡ್ರೈವರ್, ಸ್ಟೋರೇಜ್ ಮೋಡ್ ಅಥವಾ ರ‍್ಯಾಮ್. ಲಾಗಿನ್ ತನಕ ಬಂದು ಕಪ್ಪಾದರೆ ಗ್ರಾಫಿಕ್ಸ್ ಡ್ರೈವರ್. ಏನೂ ಹೇಳದೆ ಒಮ್ಮೆಲೇ ಆಫ್ ಆದರೆ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಅಥವಾ ಕೂಲರ್.

ಬಯೋಸ್ ಮುಟ್ಟುವ ಮುನ್ನ ಒಂದು ಎಚ್ಚರಿಕೆ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಬಹಳಷ್ಟು ಪಿಸಿಗಳಲ್ಲಿ ಡ್ರೈವ್ ತಾನಾಗಿ ಎನ್‌ಕ್ರಿಪ್ಟ್ ಆಗುತ್ತದೆ (ಕೀ ಇಲ್ಲದೆ ಓದಲಾಗದಂತೆ ಬೀಗ ಬೀಳುತ್ತದೆ). ಆಮೇಲೆ ಬಯೋಸ್ ಅಪ್‌ಡೇಟ್ ಮಾಡಿದರೆ, ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇರುವ ಬೂಟ್ ಫೈಲ್‌ಗಳನ್ನಷ್ಟೇ ಓಡಲು ಬಿಡುವ ಸೆಟ್ಟಿಂಗ್) ಬದಲಿಸಿದರೆ ಅಥವಾ ಟಿಪಿಎಂ (ಕೀಗಳನ್ನು ಕಾಪಾಡುವ ಭದ್ರತಾ ಚಿಪ್) ಅಳಿಸಿದರೆ, ಈ ಬೀಗ ಹಾಕುವ ಬಿಟ್‌ಲಾಕರ್ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯ ಪುಟದಲ್ಲಿ ಇರುತ್ತದೆ. ಮೊಬೈಲ್‌ನಿಂದ ಲಾಗಿನ್ ಆಗಿ, ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬಯೋಸ್‌ನ ಈಗಿನ ಬೂಟ್, ಸ್ಟೋರೇಜ್, ಸೆಕ್ಯೂರಿಟಿ ಪುಟಗಳ ಫೋಟೋವನ್ನೂ ತೆಗೆದುಕೊಳ್ಳಿ.

ಮತ್ತೆ ಮತ್ತೆ ಇನ್‌ಸ್ಟಾಲ್ ಪರದೆಯೇ ಬಂದರೆ

ಮೊದಲ ರೀಸ್ಟಾರ್ಟ್ ಆದ ಮೇಲೂ ಪೆನ್‌ಡ್ರೈವ್ ಸಿಕ್ಕಿಸಿದ್ದಂತೆಯೇ ಇದ್ದು, ಬೂಟ್ ಪಟ್ಟಿಯಲ್ಲಿ ಅದೇ ಮೊದಲಿದ್ದರೆ ಪಿಸಿ ಮತ್ತೆ ಅದರಿಂದಲೇ ಏಳುತ್ತದೆ. ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿ. ಇಷ್ಟೇ.

ಬೂಟ್ ಮೋಡ್: ಹೆಚ್ಚಿನ ತೊಂದರೆ ಇರುವುದು ಇಲ್ಲೇ

ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಪಿಸಿ ಆನ್ ಮಾಡಿ ಬೂಟ್ ಮೆನು ಕೀ ಒತ್ತಿ. ಅಸುಸ್ ಬೋರ್ಡ್‌ಗೆ ಎಫ್8, ಗಿಗಾಬೈಟ್‌ಗೆ ಎಫ್12, ಎಂಎಸ್‌ಐ ಮತ್ತು ಅಸ್‌ರಾಕ್‌ಗೆ ಎಫ್11. ಬರುವ ಪಟ್ಟಿಯಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣಬಹುದು. ಒಂದರ ಹೆಸರಿನ ಮುಂದೆ 'ಯುಇಎಫ್‌ಐ' (ಹೊಸ ಬಗೆಯ ಬೂಟ್ ಮೋಡ್) ಎಂದಿರುತ್ತದೆ, ಇನ್ನೊಂದು ಬರೀ ಕಂಪನಿಯ ಹೆಸರು. ಯುಇಎಫ್‌ಐ ಇರುವ ಸಾಲನ್ನು ಆರಿಸಿದರೆ ವಿಂಡೋಸ್ ಡಿಸ್ಕನ್ನು ಜಿಪಿಟಿ ಮಾದರಿಯಲ್ಲಿ ಹಂಚಿ, ಇಎಫ್‌ಐ ಎಂಬ ಸಣ್ಣ ಪಾರ್ಟಿಷನ್‌ನಲ್ಲಿ ಬೂಟ್ ಫೈಲ್‌ಗಳನ್ನು ಇಡುತ್ತದೆ. ಇನ್ನೊಂದನ್ನು ಆರಿಸಿದರೆ ಹಳೆಯ ಎಂಬಿಆರ್ ಮಾದರಿ. ಎರಡೂ ಇನ್‌ಸ್ಟಾಲ್ ಆಗಬಹುದು (ವಿಂಡೋಸ್ 11ರ ಸೆಟಪ್ ಮಾತ್ರ ಯುಇಎಫ್‌ಐ ಬೇಕೆನ್ನುತ್ತದೆ), ನೋಡುವುದಕ್ಕೂ ಒಂದೇ ಥರ ಇರುತ್ತವೆ. ಆದರೆ ಬಯೋಸ್ ಒಂದು ಮೋಡ್‌ನಲ್ಲಿ, ಡಿಸ್ಕ್ ಇನ್ನೊಂದು ಮಾದರಿಯಲ್ಲಿ ಇದ್ದರೆ ಬೂಟ್ ಆಗುವುದಿಲ್ಲ.

ಈ ತಪ್ಪು ಆಗುವ ದಾರಿ ಸಾಮಾನ್ಯವಾಗಿ ಹೀಗೆ. ಹಳೆಯ ಡಿಸ್ಕ್ ಎಂಬಿಆರ್‌ನಲ್ಲಿತ್ತು, ಯುಇಎಫ್‌ಐನಲ್ಲಿ ಇನ್‌ಸ್ಟಾಲ್ ಮಾಡಹೋದಾಗ ಈ ಡಿಸ್ಕ್‌ಗೆ ಹಾಕಲಾಗದು ಎಂದು ಸೆಟಪ್ ಹೇಳಿತು. ಅದನ್ನು ದಾಟಲು ಬಯೋಸ್‌ನಲ್ಲಿ ಸಿಎಸ್‌ಎಂ (ಹಳೆಯ ರೀತಿಯ ಬೂಟ್‌ಗೆ ಅವಕಾಶ ಕೊಡುವ ಸೆಟ್ಟಿಂಗ್) ಆನ್ ಮಾಡಿ, ಲೆಗಸಿ (ಹಳೆಯ) ಮೋಡ್‌ನಲ್ಲಿ ಹಾಕಿದರು. ಕೆಲ ದಿನಗಳ ಮೇಲೆ ಯಾವುದೋ ಆಟ ಸೆಕ್ಯೂರ್ ಬೂಟ್ ಬೇಕು ಎಂದಿತು. ಸೆಕ್ಯೂರ್ ಬೂಟ್ ಆನ್ ಮಾಡಬೇಕಾದರೆ ಸಿಎಸ್‌ಎಂ ಆಫ್ ಆಗಲೇಬೇಕು. ಆಫ್ ಆದ ಕ್ಷಣದಿಂದ ಎಂಬಿಆರ್ ಡಿಸ್ಕ್ ಬೂಟ್ ಪಟ್ಟಿಯಿಂದಲೇ ಮಾಯ.

ನಿಮ್ಮ ಡಿಸ್ಕ್ ಯಾವ ಮಾದರಿ ಎಂದು ನೋಡಲು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಸೆಟಪ್‌ನ ಮೊದಲ ಪರದೆಯಲ್ಲೇ ಶಿಫ್ಟ್ ಹಿಡಿದು ಎಫ್10 ಒತ್ತಿ. ಕಪ್ಪು ಕಮಾಂಡ್ ಕಿಟಕಿ ತೆರೆಯುತ್ತದೆ. (ಇಲ್ಲಿ ಕಮಾಂಡ್‌ಗಳನ್ನು ಉಚ್ಚಾರದಂತೆ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿ.) 'ಡಿಸ್ಕ್‌ಪಾರ್ಟ್' ಎಂದು ಎಂಟರ್ ಒತ್ತಿ, ಆಮೇಲೆ 'ಲಿಸ್ಟ್ ಡಿಸ್ಕ್'. ಬರುವ ಪಟ್ಟಿಯ ಬಲತುದಿಯಲ್ಲಿ ಜಿಪಿಟಿ ಎಂಬ ಕಾಲಂ ಇದೆ. ಅದರ ಕೆಳಗೆ ನಿಮ್ಮ ಡಿಸ್ಕ್ ಸಾಲಿನಲ್ಲಿ ನಕ್ಷತ್ರ ಗುರುತಿದ್ದರೆ ಜಿಪಿಟಿ, ಖಾಲಿಯಿದ್ದರೆ ಎಂಬಿಆರ್.

ಜಿಪಿಟಿ ಇದ್ದೂ ಬೂಟ್ ಆಗದಿದ್ದರೆ ಬಯೋಸ್‌ಗೆ ಹೋಗಿ ಸಿಎಸ್‌ಎಂ ಆಫ್ ಮಾಡಿ, ಬೂಟ್ ಪಟ್ಟಿಯ ಮೊದಲಿಗೆ 'ವಿಂಡೋಸ್ ಬೂಟ್ ಮ್ಯಾನೇಜರ್' ಇಡಿ. ಎಸ್‌ಎಸ್‌ಡಿಯ ಹೆಸರನ್ನಲ್ಲ, ಬೂಟ್ ಮ್ಯಾನೇಜರ್ ಎಂಬ ಸಾಲನ್ನೇ ಇಡಬೇಕು. ಎಂಬಿಆರ್ ಇದ್ದರೆ ಸದ್ಯಕ್ಕೆ ಸಿಎಸ್‌ಎಂ ಆನ್ ಮಾಡಿದರೆ ಏಳುತ್ತದೆ. ಆದರೆ ಅದನ್ನು ಹಾಗೇ ಬಿಡಬೇಡಿ, ಡೇಟಾ ಕಳೆಯದೆ ಜಿಪಿಟಿಗೆ ಬದಲಿಸಲು ವಿಂಡೋಸ್‌ನಲ್ಲೇ ಉಪಕರಣವಿದೆ. ಡಿಸ್ಕ್‌ಪಾರ್ಟ್‌ನಿಂದ 'ಎಕ್ಸಿಟ್' ಕೊಟ್ಟು ಹೊರಬಂದು, ಅದೇ ಕಮಾಂಡ್ ಕಿಟಕಿಯಲ್ಲಿ 'ಎಂಬಿಆರ್2ಜಿಪಿಟಿ /ವ್ಯಾಲಿಡೇಟ್ /ಡಿಸ್ಕ್:0' ಕೊಡಿ (0 ಬದಲು ನಿಮ್ಮ ಡಿಸ್ಕ್ ಸಂಖ್ಯೆ). ಸರಿ ಎಂದರೆ ವ್ಯಾಲಿಡೇಟ್ ಜಾಗದಲ್ಲಿ 'ಕನ್ವರ್ಟ್' ಹಾಕಿ ಮತ್ತೆ ಕೊಡಿ. ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಇದ್ದರೆ ಅಥವಾ ಎಕ್ಸ್‌ಟೆಂಡೆಡ್ ಪಾರ್ಟಿಷನ್ ಇದ್ದರೆ ಇದು ಒಪ್ಪುವುದಿಲ್ಲ. ಮುಗಿದ ಮೇಲೆ ಸಿಎಸ್‌ಎಂ ಆಫ್ ಮಾಡಿ. ಬಹಳ ಹಳೆಯ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದರೆ ಸಿಎಸ್‌ಎಂ ಆಫ್ ಆದಾಗ ಪರದೆಗೆ ಏನೂ ಬಾರದೆ ಇರಬಹುದು. ಅಂಥ ಕಾರ್ಡ್‌ಗಳಲ್ಲಿ ಯುಇಎಫ್‌ಐಗೆ ಬೇಕಾದ ಫರ್ಮ್‌ವೇರ್ ಇರುವುದಿಲ್ಲ.

ಎರಡು ಡಿಸ್ಕ್ ಇದ್ದಾಗ

ಹೊಸ ಎನ್‌ವಿಎಂಇ ಎಸ್‌ಎಸ್‌ಡಿಗೆ ವಿಂಡೋಸ್ ಹಾಕುವಾಗ ಹಳೆಯ ಹಾರ್ಡ್‌ಡಿಸ್ಕ್ ಸಹ ಸಿಕ್ಕಿಸಿದ್ದರೆ, ಮತ್ತು ಅದರಲ್ಲಿ ಮೊದಲೇ ಇಎಫ್‌ಐ ಪಾರ್ಟಿಷನ್ ಇದ್ದರೆ, ಸೆಟಪ್ ವಿಂಡೋಸನ್ನು ಹೊಸದರಲ್ಲಿಟ್ಟು ಬೂಟ್ ಫೈಲ್‌ಗಳನ್ನು ಹಳೆಯದರಲ್ಲಿ ಇಟ್ಟುಬಿಡಬಹುದು. ಎಲ್ಲ ಸರಿಯಾಗಿಯೇ ಓಡುತ್ತದೆ. ಮುಂದೊಂದು ದಿನ ಹಳೆಯ ಹಾರ್ಡ್‌ಡಿಸ್ಕ್ ತೆಗೆದಾಗ ಪಿಸಿ ಏಳುವುದಿಲ್ಲ. ಅದಕ್ಕೇ ಓಎಸ್ ಹಾಕುವಾಗ ಬೇರೆ ಡಿಸ್ಕ್‌ಗಳ ಸಾಟಾ ಕೇಬಲ್ ಕಳಚಿಡಿ ಎನ್ನುವುದು. ಎರಡು ನಿಮಿಷದ ಕೆಲಸ, ಎಷ್ಟೋ ತಲೆನೋವು ಉಳಿಸುತ್ತದೆ.

ಈಗಾಗಲೇ ಹಾಗೆ ಆಗಿದ್ದರೆ, ಅಥವಾ 0ಎಕ್ಸ್‌ಸಿ000000ಎಫ್ ಬರುತ್ತಿದ್ದರೆ, ಬೂಟ್ ಫೈಲ್‌ಗಳನ್ನು ಹೊಸದಾಗಿ ಬರೆಯಬಹುದು. ಇಂಥದ್ದಕ್ಕೆ 'ಬೂಟ್‌ರೆಕ್' ಕಮಾಂಡ್ ಕೊಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಯುಇಎಫ್‌ಐ ಪಿಸಿಗಳಲ್ಲಿ ಅದರ 'ಫಿಕ್ಸ್‌ಬೂಟ್' ಎಷ್ಟೋ ಸಲ 'ಆಕ್ಸೆಸ್ ಡಿನೈಡ್' ಎಂದು ನಿಲ್ಲುತ್ತದೆ, ಅದರ ಹಿಂದೆ ಬಿದ್ದು ಹೊತ್ತು ಕಳೆಯಬೇಡಿ. ಪೆನ್‌ಡ್ರೈವ್‌ನಿಂದ ಯುಇಎಫ್‌ಐ ಮೋಡ್‌ನಲ್ಲಿ ಬೂಟ್ ಮಾಡಿ, ಕಮಾಂಡ್ ಕಿಟಕಿಯಲ್ಲಿ ಹೀಗೆ ಮಾಡಿ:

1. 'ಡಿಸ್ಕ್‌ಪಾರ್ಟ್', ಆಮೇಲೆ 'ಲಿಸ್ಟ್ ವಾಲ್ಯೂಮ್'. ಇಲ್ಲಿ ವಿಂಡೋಸ್ ಇರುವ ಪಾರ್ಟಿಷನ್‌ಗೆ ಸಿ ಅಕ್ಷರವೇ ಇರಬೇಕೆಂದಿಲ್ಲ, ಡಿ ಅಥವಾ ಇ ಆಗಿರಬಹುದು. ಗಾತ್ರ ನೋಡಿ ಗುರುತಿಸಿ.
2. ಎಫ್‌ಎಟಿ32 ಎಂದಿರುವ, ಸಾಮಾನ್ಯವಾಗಿ 100 ಎಂಬಿ ಗಾತ್ರದ ವಾಲ್ಯೂಮ್ ಇಎಫ್‌ಐ ಪಾರ್ಟಿಷನ್. ಪೆನ್‌ಡ್ರೈವ್ ಕೂಡ ಎಫ್‌ಎಟಿ32 ಆಗಿರಬಹುದು, ಗೊಂದಲವಾಗದಿರಲಿ. ಅದರ ಸಂಖ್ಯೆ 3 ಇದ್ದರೆ 'ಸೆಲೆಕ್ಟ್ ವಾಲ್ಯೂಮ್ 3', ನಂತರ 'ಅಸೈನ್ ಲೆಟರ್=ಎಸ್', ನಂತರ 'ಎಕ್ಸಿಟ್'.
3. 'ಬಿಸಿಡಿಬೂಟ್ ಸಿ:\ವಿಂಡೋಸ್ /ಎಸ್ ಎಸ್: /ಎಫ್ ಯುಇಎಫ್‌ಐ'. ಸಿ ಜಾಗದಲ್ಲಿ ನೀವು ಗುರುತಿಸಿದ ಅಕ್ಷರ ಹಾಕಿ. ಬೂಟ್ ಫೈಲ್‌ಗಳು ಸೃಷ್ಟಿಯಾದವು ಎಂಬ ಸಾಲು ಬಂದರೆ ಆಯಿತು, ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿ.

ವಿಂಡೋಸ್ ಇರುವ ಡಿಸ್ಕ್ ಜಿಪಿಟಿ ಆಗಿದ್ದೂ ಅದರಲ್ಲಿ ಇಎಫ್‌ಐ ಪಾರ್ಟಿಷನ್ನೇ ಇಲ್ಲದಿದ್ದರೆ, ಎರಡನೇ ಹೆಜ್ಜೆಯ ಬದಲು ವಿಂಡೋಸ್ ವಾಲ್ಯೂಮ್ ಆರಿಸಿ 'ಶ್ರಿಂಕ್ ಡಿಸೈರ್ಡ್=200', ಆಮೇಲೆ 'ಕ್ರಿಯೇಟ್ ಪಾರ್ಟಿಷನ್ ಇಎಫ್‌ಐ ಸೈಜ್=100', 'ಫಾರ್ಮ್ಯಾಟ್ ಕ್ವಿಕ್ ಎಫ್‌ಎಸ್=ಎಫ್‌ಎಟಿ32', 'ಅಸೈನ್ ಲೆಟರ್=ಎಸ್', ಕೊನೆಗೆ 'ಎಕ್ಸಿಟ್' ಕೊಟ್ಟು ಮೂರನೇ ಹೆಜ್ಜೆಗೆ ಹೋಗಿ. ಫಾರ್ಮ್ಯಾಟ್ ಕೊಡುವ ಮುನ್ನ 'ಲಿಸ್ಟ್ ಪಾರ್ಟಿಷನ್' ಕೊಟ್ಟು ನಕ್ಷತ್ರ ಗುರುತು ಹೊಸ 100 ಎಂಬಿ ಸಾಲಿನ ಮುಂದೆಯೇ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಿ.

ಎಸ್‌ಎಸ್‌ಡಿಯೇ ಕಾಣುತ್ತಿಲ್ಲ

ಬಯೋಸ್‌ನಲ್ಲಿ ಕಂಡು ಸೆಟಪ್‌ನಲ್ಲಿ ಕಾಣದಿದ್ದರೆ ಇಂಟೆಲ್ ಬೋರ್ಡ್‌ಗಳಲ್ಲಿ ವಿಎಂಡಿ ಎಂಬ ಸ್ಟೋರೇಜ್ ಸೆಟ್ಟಿಂಗ್ ಕಾರಣವಿರಬಹುದು. ರೇಡ್ (ಹಲವು ಡಿಸ್ಕ್‌ಗಳನ್ನು ಸೇರಿಸಿ ಒಂದಾಗಿ ಬಳಸುವುದು) ಬೇಡದವರು ವಿಎಂಡಿ ಆಫ್ ಮಾಡಿಕೊಂಡೇ ಓಎಸ್ ಹಾಕಿ. ಒಮ್ಮೆ ಹಾಕಿದ ಮೇಲೆ ಆ ಸೆಟ್ಟಿಂಗ್ ಬದಲಿಸಿದರೆ ವಿಂಡೋಸ್ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಎಂಬ ಸ್ಟಾಪ್ ಕೋಡ್ ತೋರಿಸುತ್ತದೆ. ಸಾಟಾ ಮೋಡ್ ಎಎಚ್‌ಸಿಐ ಇದ್ದದ್ದನ್ನು ರೇಡ್ ಮಾಡಿದರೂ ಅಷ್ಟೇ. ಬಯೋಸ್ ಅಪ್‌ಡೇಟ್ ಆದಾಗ, ಸಿಎಂಒಎಸ್ (ಬಯೋಸ್ ಸೆಟ್ಟಿಂಗ್‌ಗಳು ಉಳಿಯುವ ಮೆಮೊರಿ) ಕ್ಲಿಯರ್ ಮಾಡಿದಾಗ ಈ ಸೆಟ್ಟಿಂಗ್‌ಗಳು ತಾವಾಗಿ ಮೊದಲಿನ ಸ್ಥಿತಿಗೆ ಹೋಗುತ್ತವೆ, ಅದಕ್ಕೇ ಮೊದಲೇ ಫೋಟೋ ತೆಗೆಯಿರಿ ಎಂದದ್ದು. ಇನ್‌ಸ್ಟಾಲ್ ಮಾಡುವಾಗ ಯಾವ ಮೋಡ್ ಇತ್ತೋ ಅದಕ್ಕೇ ಮರಳಿಸಿದರೆ ವಿಂಡೋಸ್ ಏಳುತ್ತದೆ.

ಬಯೋಸ್‌ನಲ್ಲೂ ಕಾಣದಿದ್ದರೆ ಎಂ.2 ಸ್ಲಾಟ್ (ಸ್ಟಿಕ್ ಆಕಾರದ ಎಸ್‌ಎಸ್‌ಡಿ ಕೂರುವ ಜಾಗ) ನೋಡಿ. ಸ್ಟಿಕ್ ಸ್ಲಾಟ್‌ನೊಳಗೆ ಪೂರ್ತಿ ಕೂತು, ತುದಿಯ ಸ್ಕ್ರೂ ಬಿಗಿಯಾಗಿರಬೇಕು. ಎನ್‌ವಿಎಂಇ ಮಾತ್ರ ಒಪ್ಪುವ ಸ್ಲಾಟ್‌ಗೆ ಸಾಟಾ ಮಾದರಿಯ ಎಂ.2 ಹಾಕಿದರೆ ಕಾಣುವುದಿಲ್ಲ. ಕೆಲವು ಬೋರ್ಡ್‌ಗಳಲ್ಲಿ ಎಂ.2 ಹಾಕಿದ ಕೂಡಲೇ ಒಂದೆರಡು ಸಾಟಾ ಪೋರ್ಟ್ ನಿಷ್ಕ್ರಿಯವಾಗುತ್ತವೆ. ಯಾವ ಪೋರ್ಟ್ ಎಂಬುದು ಮದರ್‌ಬೋರ್ಡ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ.

ವಿಂಡೋಸ್ ಶುರುವಾಗಿ ಕಪ್ಪಾದರೆ

ಮೊದಲು ಕೇಬಲ್. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾನಿಟರ್ ಕೇಬಲ್ ಕಾರ್ಡ್‌ಗೇ ಹೋಗಿರಬೇಕು, ಮದರ್‌ಬೋರ್ಡ್‌ನ ಎಚ್‌ಡಿಎಂಐಗೆ ಅಲ್ಲ. ಹೆಸರಿನ ಕೊನೆಗೆ ಎಫ್ ಇರುವ ಇಂಟೆಲ್ ಪ್ರೊಸೆಸರ್‌ಗಳಲ್ಲಿ, ರೈಜೆನ್ 5 5600 ಥರದವುಗಳಲ್ಲಿ ಒಳಗೆ ಗ್ರಾಫಿಕ್ಸ್ ಇಲ್ಲವೇ ಇಲ್ಲ. ಬೋರ್ಡ್ ಪೋರ್ಟ್‌ನಿಂದ ಏನೂ ಬಾರದು.

ಕೇಬಲ್ ಸರಿಯಿದ್ದರೆ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು ಬಿ ಒತ್ತಿ. ಗ್ರಾಫಿಕ್ಸ್ ಡ್ರೈವರ್ ಮರುಶುರುವಾಗುತ್ತದೆ. ಆಗಲಿಲ್ಲವೆಂದರೆ ಸೇಫ್ ಮೋಡ್. ಲೋಗೋ ಬಂದು ಚುಕ್ಕೆ ತಿರುಗಲು ಶುರುವಾದ ಕೂಡಲೇ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಆಫ್ ಮಾಡಿ. ಹೀಗೆ ಎರಡು ಸಲ ಮಾಡಿದರೆ ಮುಂದಿನ ಸಲ ವಿಂಡೋಸ್ ತಾನಾಗಿ ರಿಕವರಿ ಪರದೆಗೆ ಬರುತ್ತದೆ. ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್. ಬರುವ ಪಟ್ಟಿಯಲ್ಲಿ 4 ಒತ್ತಿದರೆ ಸೇಫ್ ಮೋಡ್, 5 ಒತ್ತಿದರೆ ಇಂಟರ್‌ನೆಟ್ ಸಹಿತ ಸೇಫ್ ಮೋಡ್. ಅಲ್ಲಿ ಡಿವೈಸ್ ಮ್ಯಾನೇಜರ್‌ನಿಂದ ಗ್ರಾಫಿಕ್ಸ್ ಡ್ರೈವರ್ ತೆಗೆದು, ಕಾರ್ಡ್ ತಯಾರಕರ ತಾಣದಿಂದಲೇ ಹೊಸದನ್ನು ಇಳಿಸಿ ಹಾಕಿ. ಅದೇ ಪಟ್ಟಿಯ 9ನೇ ಆಯ್ಕೆ ತಾನಾಗಿ ರೀಸ್ಟಾರ್ಟ್ ಆಗುವುದನ್ನು ನಿಲ್ಲಿಸುತ್ತದೆ. ಸ್ಟಾಪ್ ಕೋಡ್ ಕಣ್ಣಿಗೆ ಸಿಗುವ ಮೊದಲೇ ಮಾಯವಾಗುತ್ತಿದ್ದರೆ ಇದು ಬಹಳ ಉಪಯೋಗ.

ರ‍್ಯಾಮ್

ಪ್ರತಿ ಸಲ ಬೇರೆ ಬೇರೆ ಸ್ಟಾಪ್ ಕೋಡ್ ಬರುತ್ತಿದೆ ಎಂದರೆ ನಮ್ಮ ಮೊದಲ ಅನುಮಾನ ರ‍್ಯಾಮ್ ಮೇಲೆ. ಇನ್‌ಸ್ಟಾಲ್ ಆದ ಮೇಲೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ರ‍್ಯಾಮ್ ವೇಗವನ್ನು ಪೆಟ್ಟಿಗೆಯ ಮೇಲಿನ ಮಟ್ಟಕ್ಕೆ ಏರಿಸುವ ಸೆಟ್ಟಿಂಗ್) ಆನ್ ಮಾಡಿದ್ದರೆ ಅದನ್ನು ಆಫ್ ಮಾಡಿ ನೋಡಿ. ಪೆಟ್ಟಿಗೆಯ ಮೇಲೆ 6000 ಎಂದಿರುವ ಡಿಡಿಆರ್5 ಆಗ 4800ರ ಆಸುಪಾಸಿನಲ್ಲಿ ಓಡುತ್ತದೆ. ಆ ವೇಗದಲ್ಲಿ ತೊಂದರೆ ನಿಂತರೆ ಕಾರಣ ಸಿಕ್ಕಿತು: ಪೆಟ್ಟಿಗೆಯ ವೇಗವನ್ನು ಬೋರ್ಡ್ ಮತ್ತು ಪ್ರೊಸೆಸರ್ ತಡೆದುಕೊಳ್ಳುತ್ತಿಲ್ಲ. ಬಯೋಸ್ ಅಪ್‌ಡೇಟ್ ಮಾಡಿ, ಒಂದು ಮೆಟ್ಟಿಲು ಕಡಿಮೆ ವೇಗ ಇಟ್ಟು ನೋಡಿ.

ನಾಲ್ಕು ಸ್ಲಾಟ್‌ಗಳ ಬೋರ್ಡ್‌ಗೆ ಎರಡು ಸ್ಟಿಕ್ ಹಾಕುವಾಗ ಬಹುತೇಕ ಬೋರ್ಡ್‌ಗಳಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟ್ ಬಳಸಬೇಕು. ಆಮೇಲೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಓಡಿಸಿ. ಒಂದೇ ಒಂದು ಎರರ್ ಬಂದರೂ ಸರಿಯಿಲ್ಲ ಎಂದೇ ಅರ್ಥ. ಆಗ ಒಂದೊಂದೇ ಸ್ಟಿಕ್ ಹಾಕಿ ಯಾವುದು ಕೆಟ್ಟಿದೆ ಎಂದು ಹಿಡಿಯಿರಿ.

ಎಎಂಡಿ ಪ್ರೊಸೆಸರ್‌ಗಳ ಎಎಂ5 ಬೋರ್ಡ್ ಇರುವವರಿಗೆ ಮುಖ್ಯವಾದ ಮಾತು: ಮೊದಲ ಸಲ ಆನ್ ಮಾಡಿದಾಗ, ರ‍್ಯಾಮ್ ಅಥವಾ ಬಯೋಸ್ ಬದಲಿಸಿದಾಗ ಬೋರ್ಡ್ ರ‍್ಯಾಮ್ ಜತೆ ಹೊಂದಿಕೆ ಮಾಡಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳಬಹುದು. ಪರದೆ ಕಪ್ಪಗಿರುತ್ತದೆ, ಡಿರ‍್ಯಾಮ್ ಎಂಬ ಸಣ್ಣ ದೀಪ ಉರಿಯುತ್ತಿರುತ್ತದೆ. ಕೆಟ್ಟುಹೋಯಿತೆಂದು ನಡುವೆ ಆಫ್ ಮಾಡಿದರೆ ಮತ್ತೆ ಮೊದಲಿನಿಂದ ಶುರು. ಹದಿನೈದು ನಿಮಿಷ ಬಿಟ್ಟು ನೋಡಿ.

ಆ ದೀಪಗಳನ್ನು ಓದಲು ಕಲಿಯಿರಿ. ಈಗಿನ ಬಹಳಷ್ಟು ಬೋರ್ಡ್‌ಗಳ ಅಂಚಿನಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ನಾಲ್ಕು ಇರುತ್ತವೆ. ಯಾವುದು ಆರದೆ ಉಳಿಯುತ್ತದೋ ತೊಂದರೆ ಅಲ್ಲಿ. ಬೂಟ್ ದೀಪ ಉರಿದು ನಿಂತಿದ್ದರೆ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಪಾಸಾಗಿವೆ, ಮೇಲಿನ ಬೂಟ್ ಮೋಡ್ ಭಾಗಕ್ಕೆ ಮರಳಿ.

ಪವರ್, ಬಿಸಿ, ಬ್ಯಾಟರಿ

ಸ್ಟಾಪ್ ಕೋಡ್ ಇಲ್ಲದೆ ಒಮ್ಮೆಲೇ ಆಫ್ ಆಗುವುದು, ಅದರಲ್ಲೂ ಡ್ರೈವರ್ ಹಾಕಿ ಆಟ ಶುರು ಮಾಡಿದಾಗ, ಎಸ್‌ಎಂಪಿಎಸ್ ಸಾಲುತ್ತಿಲ್ಲ ಎಂಬುದರ ಗುರುತು. 24 ಪಿನ್ ಕನೆಕ್ಟರ್ ಕೊಕ್ಕೆ ಬೀಳುವವರೆಗೆ ಒತ್ತಿ. ಪ್ರೊಸೆಸರ್ ಪಕ್ಕದ 8 ಪಿನ್‌ಗೆ ಸಿಪಿಯು ಎಂದು ಬರೆದಿರುವ, 4+4 ಆಗಿ ಸೀಳುವ ಕೇಬಲ್ ಬೇಕು. ಗ್ರಾಫಿಕ್ಸ್ ಕಾರ್ಡ್‌ನದು 6+2. ಇವೆರಡನ್ನೂ ಅದಲುಬದಲು ಮಾಡಲು ಬಲಪ್ರಯೋಗ ಬೇಡ. ಒಂದು ಎಸ್‌ಎಂಪಿಎಸ್‌ನ ಮಾಡ್ಯುಲರ್ ಕೇಬಲ್ಲನ್ನು ಇನ್ನೊಂದಕ್ಕೆ ಯಾವತ್ತೂ ಹಾಕಬೇಡಿ, ಆಕಾರ ಕೂಡಿದರೂ ಒಳಗಿನ ತಂತಿಗಳ ಕ್ರಮ ಬೇರೆಯಿರಬಹುದು, ಡ್ರೈವ್‌ಗಳು ಸುಟ್ಟುಹೋಗುತ್ತವೆ. ಆನ್ ಮಾಡಿ ಒಂದೆರಡು ನಿಮಿಷಕ್ಕೇ ಆಫ್ ಆದರೆ ಬಯೋಸ್‌ನಲ್ಲಿ ಸಿಪಿಯು ತಾಪಮಾನ ನೋಡಿ. ಅಲ್ಲೇ 90 ಡಿಗ್ರಿ ದಾಟುತ್ತಿದ್ದರೆ ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ತೆಗೆದಿಲ್ಲ ಅಥವಾ ಕೂಲರ್ ಸರಿಯಾಗಿ ಕೂತಿಲ್ಲ.

ಇಂಟೆಲ್ 13 ಮತ್ತು 14ನೇ ಪೀಳಿಗೆಯ ಹೆಚ್ಚು ಸಾಮರ್ಥ್ಯದ ಡೆಸ್ಕ್‌ಟಾಪ್ ಪ್ರೊಸೆಸರ್ ಇರುವವರು ಬಯೋಸನ್ನು ಹೊಸದಕ್ಕೆ ತರಲೇಬೇಕು. ಅತಿ ವೋಲ್ಟೇಜ್‌ನಿಂದ ಅವು ಹಾಳಾಗುತ್ತಿದ್ದುದನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡು, ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಸಾಫ್ಟ್‌ವೇರ್) ತಿದ್ದುಪಡಿ ಕೊಟ್ಟು, ವಾರಂಟಿಯನ್ನು 2 ವರ್ಷ ಹೆಚ್ಚಿಸಿದೆ.

ಬೆಳಿಗ್ಗೆ ಆನ್ ಮಾಡಿದಾಗ ಬೂಟ್ ಆಗದೆ, ಗಡಿಯಾರವೂ ಹಿಂದೆ ಹೋಗಿದ್ದರೆ ಮದರ್‌ಬೋರ್ಡ್‌ನ ಸಿಆರ್2032 ಬ್ಯಾಟರಿ ಮುಗಿದಿದೆ. ರಾತ್ರಿ ಗೋಡೆಯ ಸ್ವಿಚ್ಚೇ ಆಫ್ ಮಾಡುವ ಮನೆಗಳಲ್ಲಿ ಬಯೋಸ್ ಸೆಟ್ಟಿಂಗ್ ಉಳಿಸುವುದು ಈ ನಾಣ್ಯದಂಥ 3 ವೋಲ್ಟ್ ಬ್ಯಾಟರಿ ಮಾತ್ರ. ಬೆಂಗಳೂರಿನ ಎಸ್‌ಪಿ ರೋಡ್‌ನಂಥ ಕಡೆಯಿಂದ ಸೆಕೆಂಡ್‌ಹ್ಯಾಂಡ್ ಬೋರ್ಡ್ ತಂದವರು ಮೊದಲ ದಿನವೇ ಇದನ್ನು ಬದಲಿಸಿಬಿಡಿ. ಕರೆಂಟ್ ಹೋಗಿ ಬರುವ ಊರಿನಲ್ಲಿ ವಿಂಡೋಸ್ ಅಪ್‌ಡೇಟ್ ಮತ್ತು ಬಯೋಸ್ ಅಪ್‌ಡೇಟ್ ಎರಡನ್ನೂ ಯುಪಿಎಸ್ ಮೇಲೇ ಮಾಡಿ.

ಉಬುಂಟು ಹಾಕಿದವರಿಗೆ

ಎನ್‌ವಿಡಿಯಾ ಕಾರ್ಡ್ ಇದ್ದು ಕಪ್ಪು ಪರದೆ ಬಂದರೆ ಗ್ರಬ್ (ಉಬುಂಟುವಿನ ಬೂಟ್) ಮೆನುವಿನಲ್ಲಿ ಇ ಒತ್ತಿ, 'ಲಿನಕ್ಸ್' ಎಂದು ಶುರುವಾಗುವ ಸಾಲಿನ ಕೊನೆಗೆ 'ನೋಮೋಡ್‌ಸೆಟ್' ಸೇರಿಸಿ ಎಫ್10 ಒತ್ತಿ. ಇದು ಆ ಒಂದು ಬೂಟ್‌ಗೆ ಮಾತ್ರ. ಒಳಗೆ ಹೋಗಿ 'ಸುಡೊ ಉಬುಂಟು-ಡ್ರೈವರ್ಸ್ ಇನ್‌ಸ್ಟಾಲ್' ಕೊಡಿ. ಸೆಕ್ಯೂರ್ ಬೂಟ್ ಆನ್ ಇದ್ದರೆ ಒಂದು ಪಾಸ್‌ವರ್ಡ್ ಕೇಳುತ್ತದೆ, ಮುಂದಿನ ಬೂಟ್‌ನಲ್ಲಿ ನೀಲಿ ಪರದೆಯೊಂದು ಬರುತ್ತದೆ. ಅಲ್ಲಿ 'ಎನ್ರೋಲ್ ಎಂಒಕೆ' ಆರಿಸಿ ಅದೇ ಪಾಸ್‌ವರ್ಡ್ ಹಾಕಬೇಕು. ಗಡಿಬಿಡಿಯಲ್ಲಿ ಅದನ್ನು ದಾಟಿದರೆ ಡ್ರೈವರ್ ಲೋಡ್ ಆಗುವುದಿಲ್ಲ.

ಉಬುಂಟು ಆದ ಮೇಲೆ ವಿಂಡೋಸ್ ಹಾಕಿ ಉಬುಂಟು ಕಾಣದಾದರೆ ಗಾಬರಿ ಬೇಡ. ವಿಂಡೋಸ್ ತನ್ನ ಹೆಸರನ್ನು ಬೂಟ್ ಪಟ್ಟಿಯ ಮೇಲಕ್ಕೆ ತಂದಿರುತ್ತದೆ ಅಷ್ಟೇ, ಬಯೋಸ್‌ನಲ್ಲಿ 'ಉಬುಂಟು' ಸಾಲನ್ನು ಮೊದಲಿಗೆ ತನ್ನಿ.

ಇಷ್ಟೆಲ್ಲ ಆದ ಮೇಲೂ ಮತ್ತೆ ಹಾಕಲೇಬೇಕಾದರೆ ಹೀಗೆ ಹಾಕಿ: ಎಕ್ಸ್‌ಎಂಪಿ ಆಫ್, ಸಿಎಸ್‌ಎಂ ಆಫ್, ಬೇರೆ ಡಿಸ್ಕ್‌ಗಳ ಕೇಬಲ್ ಹೊರಗೆ. ಬೇಕಾದ ಡೇಟಾ ಬೇರೆಡೆ ಇದೆ ಎಂದು ಖಾತ್ರಿಯಾದ ಮೇಲೆ ಬೂಟ್ ಮೆನುವಿನಲ್ಲಿ ಯುಇಎಫ್‌ಐ ಎಂದಿರುವ ಪೆನ್‌ಡ್ರೈವ್ ಸಾಲನ್ನೇ ಆರಿಸಿ, ಹಳೆಯ ಪಾರ್ಟಿಷನ್‌ಗಳನ್ನೆಲ್ಲ ಅಳಿಸಿ, ಉಳಿದ ಖಾಲಿ ಜಾಗವನ್ನು ಆರಿಸಿ ನೆಕ್ಸ್ಟ್ ಒತ್ತಿ. ಪಾರ್ಟಿಷನ್ ಹಂಚಿಕೆಯನ್ನು ಸೆಟಪ್‌ಗೇ ಬಿಡಿ. ಡೆಸ್ಕ್‌ಟಾಪ್ ಕಂಡ ಮೇಲೆ ಎರಡು ಸಲ ರೀಸ್ಟಾರ್ಟ್, ಒಂದು ಸಲ ಪೂರ್ತಿ ಶಟ್‌ಡೌನ್ ಮಾಡಿ ಸರಿಯಾಗಿ ಏಳುತ್ತದೆಯೇ ನೋಡಿ. ಆಮೇಲಷ್ಟೇ ಒಂದೊಂದಾಗಿ ಗ್ರಾಫಿಕ್ಸ್ ಡ್ರೈವರ್, ಎಕ್ಸ್‌ಎಂಪಿ, ಉಳಿದ ಡಿಸ್ಕ್‌ಗಳನ್ನು ಸೇರಿಸಿ, ಪ್ರತಿಯೊಂದಾದ ಮೇಲೂ ಒಮ್ಮೆ ರೀಸ್ಟಾರ್ಟ್ ಮಾಡಿ.